ಅತಿಥಿಯ ಚೀಲ

ಉಪಾಧ್ಯಾಯವೃತ್ತಿಯಿಂದ ವಿಶ್ರಾಂತರಾದ ಬಳಿಕ ನಾವು ಮಳವಳ್ಳಿಯ ನಮ್ಮ ಮನೆಯ ಹಿಂದಣ ಎರಡು ಕೊಠಡಿಗಳನ್ನು ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡುತ್ತಿರುವೆವು. ಕಾವೇರಿಯು ತುಂಬಿ ಹರಿಯುವಾಗ ಗಗನಚುಕ್ಕಿಯನ್ನು ನೋಡಬರುವವರಿಗೆ ಅವು ಅನುಕೂಲವಾಗಿವೆ. ಬಾಡಿಗೆ ತೆತ್ತು ತಂಗುವವನು ಅತಿಥಿಯೋ ಗಿರಾಕಿಯೋ ಎಂಬ ಪ್ರಶ್ನೆಯು ಕಳೆದ ಶ್ರಾವಣದವರೆಗೆ ನಮಗೆ ಹೊಳೆದಿರಲಿಲ್ಲ.

ಬೆಂಗಳೂರಿನ ದಂಪತಿಗಳು ವೃದ್ಧಮಾತೆಯೊಡನೆ ಬಂದಿದ್ದರು. ಜಲಪಾತದ ಬಳಿ ಜನಸಂದಣಿಯೆಂದು ಅಂಜಿ, ಆ ತಾಯಿಯು ತಮ್ಮ ಎರಡೆಳೆಯ ಸರವನ್ನು ಕರವಸ್ತ್ರದಲ್ಲಿ ಕಟ್ಟಿ ನಮ್ಮ ಮನೆಯವರ ಕೈಗಿತ್ತು, "ಜೋಪಾನವಮ್ಮ" ಎಂದರು. ಚೀಲವು ಕೊಠಡಿಯಲ್ಲಿಯೇ ಉಳಿಯಿತು. ಸಾಯಂಕಾಲ ಬಂದು ನೋಡಲು ಚೀಲವಿಲ್ಲ. ಅದರೊಡನೆ ಹದಿನೆಂಟು ಸಾವಿರ ರೂಪಾಯಿಯೂ ಇಲ್ಲ. ಸರ ಮಾತ್ರ ನಮ್ಮ ಪೆಟ್ಟಿಗೆಯಲ್ಲಿ ಕ್ಷೇಮವಾಗಿದ್ದಿತು. ಠಾಣೆಗೆ ದೂರು ಕೊಟ್ಟುದಾಯಿತು.

ಆ ರಾತ್ರಿ ನಾವು ಧರ್ಮಶಾಸ್ತ್ರವನ್ನು ಮರೆಹೊಕ್ಕೆವು. ನಿಕ್ಷೇಪವಾಗಿ ಇಟ್ಟ ವಸ್ತುವನ್ನು ಕಳ್ಳರು ಕದ್ದರೆ, ನೀರು ಕೊಚ್ಚಿದರೆ, ಬೆಂಕಿ ಸುಟ್ಟರೆ, ಇಟ್ಟುಕೊಂಡವನು ತಾನು ಅದರಲ್ಲಿ ಏನನ್ನೂ ತೆಗೆಯದಿದ್ದ ಪಕ್ಷದಲ್ಲಿ, ತೆರಬೇಕಾಗಿಲ್ಲವೆಂದು ಮನುವಿನ ವಿಧಿ. ನಮ್ಮ ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯೂ ಕಳ್ಳರ ವಿಷಯದಲ್ಲಿ ಹಾಗೆಯೇ ಹೇಳುತ್ತದೆ. ಚೀಲವಂತೂ ನಮ್ಮ ಕೈಗೆ ಕೊಟ್ಟ ನಿಕ್ಷೇಪವೇ ಅಲ್ಲ! ಸಮಾಧಾನದಿಂದ ಪುಸ್ತಕ ಮುಚ್ಚಿದೆವು.

"ಹಿತ್ತಲ ಬಾಗಿಲ ಅಗುಳಿಯ ಮಾತು ಅದರಲ್ಲಿ ಇಲ್ಲವೇನು?" ಎಂದರು ನಮ್ಮ ಮನೆಯವರು.

ಕೊಠಡಿಗೆ ಹಿತ್ತಲ ಕಡೆಯಿಂದಲೂ ಒಂದು ಬಾಗಿಲುಂಟು. ಅದರ ಅಗುಳಿ ಸಡಿಲವಾಗಿ ಎರಡು ತಿಂಗಳಾಗಿದ್ದಿತು. ಬಡಗಿಗೆ ಹೇಳಿಕಳುಹಿಸುವೆವೆಂದು ನಾವು ದಿನವೂ ಅಂದುಕೊಂಡುದುಂಟು, ಕಳುಹಿಸಿದುದಿಲ್ಲ. ಸರವಿದ್ದ ಪೆಟ್ಟಿಗೆಗಾದರೋ ಎರಡು ಬೀಗ.

1872ರ ಕರಾರು ಕಾಯಿದೆಯ 151ನೆಯ ವಿಧಿಯು, ವಶಕ್ಕೆ ಬಂದ ಪರರ ವಸ್ತುವನ್ನು ವಿವೇಕಿಯಾದವನು ತನ್ನ ವಸ್ತುವನ್ನು ಕಾಯುವಂತೆ ಕಾಯಬೇಕೆನ್ನುತ್ತದೆ. ಚೀಲವು ವಶಕ್ಕೆ ಬಂದಿರಲಿಲ್ಲವೆಂದು ವಕೀಲರು ವಾದಿಸಿಯಾರು; ಬಾಗಿಲು ಯಾರ ವಶದಲ್ಲಿದ್ದಿತು? "ವಸ್ತುಗಳಿಗೆ ನಾವು ಹೊಣೆಯಲ್ಲ" ಎಂಬ ಹಲಗೆಯೊಂದು ಕೊಠಡಿಯ ಗೋಡೆಯಲ್ಲಿದೆ. ಬರಹ ನಮ್ಮದೇ, ದುಂಡಾಗಿಯೂ ಇದೆ. ಆದರೆ 1998ರಲ್ಲಿ ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ, ಸೇವಕನಿಗೆ ಬೀಗದ ಕೈ ಕೊಟ್ಟು ಬಿಟ್ಟ ಕಾರು ಕಳವಾಯಿತು. ಜವಾಬ್ದಾರಿ ಒಡೆಯನದೇ ಎಂದು ಹೋಟೆಲಿನ ಚೀಟಿಯಲ್ಲಿ ಅಚ್ಚಾಗಿದ್ದಿತು. ವಿಮಾ ಕಂಪನಿಯು ಒಡೆಯನಿಗೆ ಹಣ ತೆತ್ತು, ಅವನ ಸ್ಥಾನದಲ್ಲಿ ನಿಂತು ಹೋಟೆಲಿನ ಮೇಲೆ ವ್ಯಾಜ್ಯ ಹೂಡಿತು. ತನ್ನದೇ ಅಲಕ್ಷ್ಯವಿರುವಲ್ಲಿ ಚೀಟಿಯ ಮಾತು ಹೋಟೆಲನ್ನು ರಕ್ಷಿಸದೆಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ನಮ್ಮ ಅತಿಥಿಯು ವಿಮೆ ಮಾಡಿಸಿದ್ದರೂ, ಆ ಕಂಪನಿಯು ನಾಳೆ ನಮ್ಮ ಬಾಗಿಲಿಗೇ ಬರಬಹುದಿತ್ತೆಂದಾಯಿತು.

ನಮ್ಮ ವಿಮೆಯೋ? 2021ರಲ್ಲಿ ಬಂದ 'ಭಾರತ್ ಗೃಹ ರಕ್ಷಾ' ಎಂಬುದನ್ನು ಮಾಡಿಸಿ ನಿಶ್ಚಿಂತರಾಗಿದ್ದೆವು. ಕನ್ನಡಕ ಹಾಕಿ ಓದಲಾಗಿ, ಬೆಂಕಿ, ನೆರೆ ಮುಂತಾದ ಅವಘಡದ ನಿಮಿತ್ತ ಏಳು ದಿನಗಳೊಳಗಾದ ಕಳವಿಗಷ್ಟೇ ಅದರ ರಕ್ಷಣೆ. ಬರಿಯ ಕಳವಿಗೆ ಬೇರೆ ವಿಮೆ ಬೇಕು. ಮಕ್ಕಳಿಗೆ ಮೂವತ್ತು ವರ್ಷ "ಪ್ರಶ್ನೆಯನ್ನು ಪೂರ್ತಿ ಓದಿರಿ" ಎಂದವರು ನಾವು!

ಬೆಳಗ್ಗೆ ಹದಿನೆಂಟು ಸಾವಿರವನ್ನೂ ಎಣಿಸಿ ಅತಿಥಿಯ ಮುಂದಿಟ್ಟು, ಅಗುಳಿಯ ಸಂಗತಿಯನ್ನು ಹೇಳಿದೆವು. ಆತ ಬಹಳ ಹೊತ್ತು ಸುಮ್ಮನಿದ್ದು, "ಹಣವನ್ನು ಚೀಲದಲ್ಲಿ ಬಿಟ್ಟುದು ನನ್ನ ತಪ್ಪು, ಮೇಷ್ಟ್ರೇ" ಎಂದು ಅರ್ಧವನ್ನು ಮಾತ್ರ ತೆಗೆದುಕೊಂಡರು. ಆ ತಾಯಿಯು ಸರವನ್ನು ಕೊರಳಿಗೆ ಹಾಕಿಕೊಂಡು ಕಾರು ಹತ್ತಿದರು.

ಮಧ್ಯಾಹ್ನ ಬಡಗಿ ಬಂದನು. ಮುನ್ನೂರೈವತ್ತು ರೂಪಾಯಿ ಪಡೆದು, ಅರ್ಧ ಗಂಟೆಯೊಳಗೆ ಅಗುಳಿಯನ್ನು ಭದ್ರಪಡಿಸಿ ಹೋದನು.