ಹಿಟ್ಟು, ದೋಸೆ ಮತ್ತು ಅವ್ವನ ಫೋಟೋ

ಡಿಸೆಂಬರ್ ಕೊನೆಯ ವಾರ ನಮ್ಮ ಸೊಸೈಟಿಯ ಎದುರು ಬ್ಲಾಕಿನ ಹುಡುಗಿ ಮನೆಗೆ ಬಂದಿದ್ದಳು. ಅವರ ಮನೆಯವರು ಗದಗಿನ ಕಡೆಯವರು. ಅವಳು ಮಾತ್ರ ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದಿನಲ್ಲೇ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ, ನಡುನಡುವೆ ಗುಜರಾತಿ ಜಾರಿ ಬೀಳುತ್ತದೆ ಅಷ್ಟೆ. ಕೈಯಲ್ಲಿ ಹೊಸ ಕ್ಯಾಮೆರಾ.

"ಅಂಕಲ್, ಉತ್ತರಾಯಣಕ್ಕೆ ಅಜ್ಜಿ ಊರಿಂದ ಬರ್ತಿದ್ದಾರೆ. ರಾ ತೆಗೀಲಾ, ಜೆಪೆಗ್ ತೆಗೀಲಾ? ಎಲ್ಲರೂ ರಾ ರಾ ಅಂತಾರೆ."

ನಾನು ತಕ್ಷಣ ಉತ್ತರ ಕೊಡಲಿಲ್ಲ. ಚಹಾ ಮಾಡಲು ಎದ್ದೆ. ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಅಂತಲ್ಲ. ಗೊತ್ತಿರುವ ಉತ್ತರದ ಹಿಂದೆ ಒಂದು ದೊಡ್ಡ ಕತೆ ಇದೆ, ಅದಕ್ಕೆ.

ಮೊದಲು ಈ ಎರಡು ಏನು ಅಂತ ಹೇಳಿಬಿಡುತ್ತೇನೆ, ಗೊತ್ತಿದ್ದವರು ಮುಂದಿನ ಪ್ಯಾರಾಗೆ ಹಾರಬಹುದು. ಕ್ಯಾಮೆರಾದೊಳಗಿನ ಸೆನ್ಸರ್ ಕಂಡ ಬೆಳಕನ್ನೆಲ್ಲ ಹೆಚ್ಚುಕಮ್ಮಿ ಕಂಡ ಹಾಗೇ ಬರೆದಿಟ್ಟರೆ ಅದು ರಾ. ಗುಜರಾತಿಯಲ್ಲಿ 'ಕಾಚು' ಅಂತಾರಲ್ಲ, ಹಸಿ, ಬೇಯಿಸದ್ದು. ಅದೇ ಬೆಳಕಿಗೆ ಬಣ್ಣ ಎಷ್ಟು, ಹೊಳಪು ಎಷ್ಟು, ನೆರಳು ಎಷ್ಟು ಅಂತ ಕ್ಯಾಮೆರಾ ತಾನೇ ತೀರ್ಮಾನ ಮಾಡಿ, ಬೇಡ ಅನ್ನಿಸಿದ್ದನ್ನು ಎಸೆದು, ಚಿಕ್ಕದಾಗಿ ಮಡಚಿ ಕೊಟ್ಟರೆ ಜೆಪೆಗ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ರಾ ಅಂದರೆ ಹಿಟ್ಟು, ಜೆಪೆಗ್ ಅಂದರೆ ದೋಸೆ. ಹಿಟ್ಟಿದ್ದರೆ ದೋಸೆ ಹುಯ್ಯಬಹುದು, ಪಡ್ಡು ಮಾಡಬಹುದು, ಉಪ್ಪು ಕಡಿಮೆಯಾದರೆ ಹಾಕಬಹುದು. ದೋಸೆಯಾದ ಮೇಲೆ ವಾಪಸ್ ಹಿಟ್ಟು ಮಾಡಲಾಗುವುದಿಲ್ಲ. ಆದರೆ ಹಸಿವಾದವನ ಮುಂದೆ ಹಿಟ್ಟಿನ ಪಾತ್ರೆ ಇಟ್ಟರೆ ಏನು ಪ್ರಯೋಜನ ಹೇಳಿ.

ನಾನು ಗುಜರಾತಿಗೆ ಬಂದದ್ದು 90ರ ದಶಕದಲ್ಲಿ. ಮೊದಲು ವಡೋದರಾ, ಆಮೇಲೆ ಸೂರತ್, ಈಗ ಅಹಮದಾಬಾದ್. "ಎರಡು ವರ್ಷ ಇದ್ದು ವಾಪಸ್ ಬರ್ತೀನಿ" ಅಂತ ಧಾರವಾಡದಲ್ಲಿ ಹೇಳಿ ಬಂದವನು. ಇರಲಿ, ಆ ವಿಷಯ ಬೇಡ. 2005ರಲ್ಲಿ, ಸೂರತ್‌ನಲ್ಲಿದ್ದಾಗ, ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ನಿಕಾನ್ ಡಿ70 ಕೊಂಡೆ. 6 ಮೆಗಾಪಿಕ್ಸೆಲ್. ಇವತ್ತು ಯಾವ ಫೋನೂ ಅಷ್ಟು ಕಡಿಮೆ ಅಂತ ಹೇಳಿಕೊಳ್ಳಲು ನಾಚುತ್ತದೆ, ಆಗ ನನಗೆ ಆಕಾಶ ಕೈಗೆ ಸಿಕ್ಕಿತ್ತು.

ಆ ವರ್ಷದ ನವರಾತ್ರಿಗೆ ವಡೋದರಾಕ್ಕೆ ಹೋದೆ. ಹಳೆಯ ಗೆಳೆಯನ ಮಗಳು ಮೊದಲ ಸಲ ಚಣಿಯಾ ಚೋಳಿ ಹಾಕಿಕೊಂಡು ಗರ್ಬಾ ಆಡುವುದಿತ್ತು. ವಡೋದರಾದ ಗರ್ಬಾ ನೋಡಿದವರಿಗೆ ಗೊತ್ತು, ಸಾವಿರಾರು ಜನ ಒಂದೇ ಲಯದಲ್ಲಿ ಸುತ್ತು ಹಾಕುತ್ತಿದ್ದರೆ ನೆಲವೇ ತಿರುಗಿದ ಹಾಗೆ ಕಾಣುತ್ತದೆ. ರಾತ್ರಿಯೆಲ್ಲ ಜೆಪೆಗ್‌ನಲ್ಲಿ ತೆಗೆದೆ. ಬಿಳಿ ಬಣ್ಣದ ಲೆಕ್ಕ ಹೇಳುವ ವೈಟ್ ಬ್ಯಾಲೆನ್ಸ್ ಇದೆಯಲ್ಲ, ಅದನ್ನು ಮಧ್ಯಾಹ್ನ ಬಿಸಿಲಿಗೆ ಇಟ್ಟವನು ಬದಲಿಸಲು ಮರೆತಿದ್ದೆ. ಮೈದಾನದಲ್ಲಿ ಹಳದಿ ಹ್ಯಾಲೊಜೆನ್ ದೀಪ. ಮನೆಗೆ ಬಂದು ನೋಡಿದರೆ ಎಲ್ಲರ ಮುಖಕ್ಕೂ ಅರಿಶಿನ ಹಚ್ಚಿ ಮದುವೆಗೆ ಕೂರಿಸಿದ ಹಾಗೆ! ಕಂಪ್ಯೂಟರಿನಲ್ಲಿ ಸರಿ ಮಾಡಲು ಹೋದೆ. ಹಳದಿ ಬೆಳಕಿನಲ್ಲಿ ನೀಲಿ ಅಂಶ ಇರುವುದೇ ಕಡಿಮೆ. ಜೆಪೆಗ್ ಆ ಸ್ವಲ್ಪವನ್ನೂ ಉಜ್ಜಿಹಾಕಿತ್ತು. ಎಳೆದಷ್ಟೂ ಕೆನ್ನೆಯ ಮೇಲೆ ತೇಪೆ ತೇಪೆ ಎದ್ದವು. ಆ ಮಗುವಿನ ಒಂದು ಫೋಟೋವನ್ನೂ ಗೆಳೆಯನಿಗೆ ಖುಷಿಯಿಂದ ಕೊಡಲು ಆಗಲಿಲ್ಲ. ರಾದಲ್ಲಿ ತೆಗೆದಿದ್ದರೆ ಆಮೇಲೆ ಕೂತು ಸರಿ ಮಾಡಬಹುದಿತ್ತು.

ಅಲ್ಲಿಂದ ನನಗೆ ರಾ ಹುಚ್ಚು ಹಿಡಿಯಿತು. ಅದರ ಲೆಕ್ಕ ನಿಜಕ್ಕೂ ಮರುಳು ಮಾಡುವಂಥದ್ದೇ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬೆಳಕಿನವರೆಗೆ 256 ಮೆಟ್ಟಿಲು. ನನ್ನ ಕ್ಯಾಮೆರಾದ 12 ಬಿಟ್ ರಾದಲ್ಲಿ 4096. ಕತ್ತಲಲ್ಲಿ ಮುಳುಗಿದ್ದನ್ನು ಮೇಲೆತ್ತಬೇಕಾದಾಗ ಈ ಮೆಟ್ಟಿಲುಗಳು ಬೇಕಾಗುತ್ತವೆ. ಬೇಕಿದ್ದರೆ ಅಹಮದಾಬಾದಿನ ಲಾಲ್ ದರವಾಜಾ ಬಳಿಯ ಸಿದಿ ಸಯ್ಯದ್ ಮಸೀದಿಗೆ ಹೋಗಿ ನೋಡಿ. 1573ರ ಸುಮಾರಿಗೆ ಕಟ್ಟಿದ್ದು, ಕಲ್ಲಿನಲ್ಲಿ ಕೊರೆದ ಮರದ ಜಾಲಿ ಅಲ್ಲಿಯದೇ, ಐಐಎಂ ಲಾಂಛನದಲ್ಲಿ ಇರುವುದೂ ಅದರ ನೆರಳೇ. ಸಂಜೆ ಹೊತ್ತು ಒಳಗಿನಿಂದ ನೋಡಿದರೆ ಆಚೆಯ ಬೆಳಕು ಎಲೆ ಎಲೆಯ ಸಂದಿನಿಂದ ಸುರಿಯುತ್ತಿರುತ್ತದೆ. ಜೆಪೆಗ್‌ನಲ್ಲಿ ತೆಗೆದರೆ ಒಂದೋ ಕಲ್ಲು ಇದ್ದಿಲಾಗುತ್ತದೆ, ಇಲ್ಲವೋ ಬೆಳಕು ಸುಣ್ಣವಾಗುತ್ತದೆ. ರಾದಲ್ಲಿ ಬೆಳಕಿಗೆ ಹಿಡಿತ ಇಟ್ಟು ತೆಗೆದರೆ ಆಮೇಲೆ ಕಲ್ಲಿನ ಉಳಿ ಗುರುತನ್ನೂ ನೆರಳಿನಿಂದ ಎತ್ತಬಹುದು.

2006ರ ಜನವರಿಗೆ ಅವ್ವ ಬಂದಳು. ಧಾರವಾಡ ಬಿಟ್ಟು ಇಷ್ಟು ದೂರ ಅವಳು ಬಂದದ್ದು ಅದೇ ಮೊದಲು, ಅದೇ ಕೊನೆ. ಉತ್ತರಾಯಣ ತೋರಿಸೋಣ ಅಂತ ಸೂರತ್‌ನಿಂದ ಅಹಮದಾಬಾದಿಗೆ ಕರೆದುಕೊಂಡು ಹೋದೆ. ಊರಲ್ಲಿ ಸಂಕ್ರಾಂತಿ ಅಂದರೆ ಎಳ್ಳು ಬೆಲ್ಲ, ಇಲ್ಲಿ ಮನೆ ಮಂದಿಯೆಲ್ಲ ಬೆಳಗಿನಿಂದ ಮಾಳಿಗೆ ಮೇಲೇ. ಹಳೇ ಊರಿನ ಒಂದು ಪೋಳ್‌ನಲ್ಲಿ ಸಹೋದ್ಯೋಗಿಯ ಮನೆ. ಆ ಕಿರಿದಾದ ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದ ಅವ್ವ ಆಕಾಶ ನೋಡಿ "ಅಯ್ಯ, ಎಷ್ಟ್ ಪಟಾನೋ ಯಪ್ಪಾ" ಅಂತ ಬಾಯಿಗೆ ಸೆರಗು ಹಿಡಿದಳು. ಮನೆಯವರ ಮೊಮ್ಮಗ ಅವಳ ಕೈಗೆ ಫಿರ್ಕಿ ಕೊಟ್ಟ. ದಾರ ಸುತ್ತುವ ಆ ಉರುಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಹುಡುಗ ಪಟ ಬಿಟ್ಟ ಹಾಗೆಲ್ಲ ಅದು ಗಿರ್ರನೆ ತಿರುಗುತ್ತಿದ್ದರೆ ಅವ್ವ ಕಿಲಕಿಲ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ತೆಗೆದೆ. ಒಂದಾದ ಮೇಲೆ ಒಂದು. ಎಲ್ಲ ರಾ. ಡಿ70ಯಲ್ಲಿ ರಾ ಜತೆಗೆ ಒಂದು ಸಾಧಾರಣ ದರ್ಜೆಯ ಜೆಪೆಗ್ ಕೂಡ ಬರೆಯುವ ಸೌಲಭ್ಯ ಇತ್ತು, ಅದನ್ನೂ ಹಾಕಿಟ್ಟಿದ್ದೆ. ಹಿಂದೆ ಬೆಳ್ಳಗೆ ಹೊಳೆಯುವ ಆಕಾಶ, ಮುಂದೆ ಅವ್ವ. ಕ್ಯಾಮೆರಾ ಆಕಾಶಕ್ಕೆ ಲೆಕ್ಕ ಹಾಕಿ ಮುಖವನ್ನು ಕಪ್ಪು ಮಾಡಿತು. ಪರವಾಗಿಲ್ಲ, ರಾ ಇದೆಯಲ್ಲ, ಆಮೇಲೆ ಎತ್ತಿದರಾಯಿತು ಅಂದುಕೊಂಡೆ.

ಆಮೇಲೆ... ಈ ಪದ ರಾ ಫೈಲಿನ ಇನ್ನೊಂದು ಹೆಸರು ಅಂತ ನನಗೆ ಆಗ ಗೊತ್ತಿರಲಿಲ್ಲ. ಒಂದೊಂದು ಫೈಲು 5-6 ಎಂಬಿ. ನನ್ನ ಹಳೆಯ ಕಂಪ್ಯೂಟರ್ ಒಂದನ್ನು ತೆರೆಯುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು. ಕಾರ್ಡ್ ದುಬಾರಿ, ಹಾಗಾಗಿ ಕಂಪ್ಯೂಟರಿಗೆ ಹಾಕಿಕೊಂಡು ಕಾರ್ಡ್ ಒರೆಸಿಬಿಟ್ಟೆ. ಭಾನುವಾರ ಕೂತು ಮಾಡೋಣ ಅಂತ. ಎಷ್ಟೋ ಭಾನುವಾರ ಬಂದು ಹೋದವು.

ಅವ್ವ ಊರಿಗೆ ಹೋದವಳು ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ.

"ತಮ್ಮಾ, ಆ ಪಟದ ಫೋಟೋ ಕಳಸ್ತೀನಿ ಅಂದಿದ್ದಿ, ಎಲ್ಲೈತೋ?"

"ಇನ್ನೂ ಸರಿ ಮಾಡೂದೈತೆವ್ವಾ. ನಿನ್ನ ಮುಖ ಕರ್ರಗ ಬಂದೈತಿ."

"ಕರ್ರಗ ಇದ್ರ ಏನಾತೋ? ನಾ ಇರೂದ ಕರ್ರಗ. ಇದ್ದಂಗ ಕಳಸು. ಬಾಜೂ ಮನ್ಯಾಕಿಗೆ ತೋರಸ್ಬೇಕು."

ಕೊನೆಗೆ ಅವಳ ಕಾಟ ತಾಳಲಾರದೆ ಆ ಸಾಧಾರಣ ಜೆಪೆಗ್‌ಗಳಲ್ಲಿ ಐದನ್ನು ಆರಿಸಿ, ಇಮೇಲ್‌ಗೆ ಭಾರವಾಗದ ಹಾಗೆ 640-480ಕ್ಕೆ ಕುಗ್ಗಿಸಿ, ಅಕ್ಕನಿಗೆ ಕಳಿಸಿದೆ. ಆಕೆ ಧಾರವಾಡದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಅವ್ವನಿಗೆ ಕೊಟ್ಟಳು. ನನಗೆ ಮನಸ್ಸಿನಲ್ಲಿ ಸಣ್ಣ ಅಸಮಾಧಾನ. ಇದು ನಿಜವಾದದ್ದಲ್ಲ, ನಿಜವಾದದ್ದು ನನ್ನ ಹತ್ತಿರ ಇದೆ, ಅದನ್ನು ಮಾಡಿ ತೋರಿಸುತ್ತೇನೆ ಅಂತ.

2006ರ ಆಗಸ್ಟ್‌ನಲ್ಲಿ ಸೂರತ್ ಮುಳುಗಿದ್ದು ನಿಮಗೆ ನೆನಪಿರಬಹುದು. ಮೇಲೆ ಉಕಾಯಿ ಅಣೆಕಟ್ಟು ತುಂಬಿ ನೀರು ಬಿಟ್ಟರು, ತಾಪಿ ಊರೊಳಗೇ ನಡೆದು ಬಂದಳು. ನಾವಿದ್ದದ್ದು ಅಡಾಜಣದಲ್ಲಿ, ನೆಲಮಹಡಿ. ನೀರು ಬರುತ್ತದಂತೆ ಅಂತ ಸುದ್ದಿ ಬಂದಾಗ ಬಂದರೂ ಮೊಣಕಾಲವರೆಗೆ ಬಂದೀತು ಅಂದುಕೊಂಡೆ. ಅಕ್ಕಿ ಮೂಟೆ, ಕಾಗದಪತ್ರ, ಕ್ಯಾಮೆರಾ ಚೀಲ ಎತ್ತಿಕೊಂಡು ಮೂರನೇ ಮಹಡಿಯ ಭಾಭಿ ಮನೆ ಸೇರಿದೆವು. ಕಂಪ್ಯೂಟರ್ ಮೇಜಿನ ಮೇಲಿತ್ತು, ಮೇಜು ಎತ್ತರ ಇದೆ ಅಂತ ಧೈರ್ಯ. ರಾತ್ರಿ ಕಳೆದು ಬೆಳಗಾಗುವಾಗ ನಮ್ಮ ಬಾಗಿಲಿನ ಮೇಲ್ಚೌಕಟ್ಟು ಕೂಡ ಕಾಣುತ್ತಿರಲಿಲ್ಲ. ಕರೆಂಟಿಲ್ಲ, ಫೋನಿಲ್ಲ. ಭಾಭಿ ಇದ್ದಷ್ಟು ಅಕ್ಕಿಬೇಳೆಗೆ ಖಿಚಡಿ ಮಾಡಿ ಇಡೀ ಕಟ್ಟಡಕ್ಕೆ ಹಂಚಿದಳು. ಆ ದಿನಗಳ ಬಗ್ಗೆ ಬೇರೆಯೇ ಬರೆಯಬೇಕು.

ನೀರಿಳಿದ ಮೇಲೆ ಮನೆಯಲ್ಲಿ ಗೇಣುದ್ದ ಕೆಸರು. ಕಂಪ್ಯೂಟರ್ ಮೇಜಿನಿಂದ ಬಿದ್ದು ಮಗ್ಗುಲಾಗಿತ್ತು. ಕೆಳಗಿನ ಕಪಾಟಿನಲ್ಲಿಟ್ಟಿದ್ದ ಸಿಡಿಗಳು ಒಂದಕ್ಕೊಂದು ಅಂಟಿ ಕೆಸರಿನ ರೊಟ್ಟಿ ಆಗಿದ್ದವು. ಹಾರ್ಡ್ ಡಿಸ್ಕ್ ಬಿಚ್ಚಿ ಒರೆಸಿ ರಿಪೇರಿಯವನ ಹತ್ತಿರ ಒಯ್ದೆ. ಅವನು ತಿರುಗಿಸಿ ನೋಡಿ, ಒಳಗಿನಿಂದ ನೀರು ಸುರಿಸಿ ತೋರಿಸಿ, "ಸಾಹೇಬ್, ಜವಾ ದೋ" ಅಂದ. ಬಿಟ್ಟುಬಿಡಿ ಅಂತ.

ಉಳಿದದ್ದು ಅಕ್ಕನ ಇಮೇಲ್‌ನಲ್ಲಿದ್ದ ಐದು ಚಿತ್ರಗಳು ಮಾತ್ರ. ಅದೂ ಅವ್ವ ಕಾಟ ಕೊಟ್ಟಿದ್ದಕ್ಕೆ.

2011ರಲ್ಲಿ ಅವ್ವ ತೀರಿಕೊಂಡಳು. ಗೋಡೆಗೆ ಹಾಕಲು ಯಾವ ಫೋಟೋ ಅಂತ ಬಂದಾಗ ಅಕ್ಕ, ನಾನು ಇಬ್ಬರೂ ಫಿರ್ಕಿ ಹಿಡಿದ ಆ ಫೋಟೋನೇ ಅಂದೆವು. ಅಂಚೆಚೀಟಿಯಷ್ಟು ಚಿತ್ರವನ್ನು ಗೋಡೆಯಷ್ಟು ಮಾಡಿದರೆ ಏನಾಗಬೇಕೋ ಅದೇ ಆಯಿತು. ಹತ್ತಿರ ಹೋಗಿ ನೋಡಿದರೆ ಅವ್ವನ ಕೆನ್ನೆ ಚಿಕ್ಕ ಚಿಕ್ಕ ಚೌಕಗಳಾಗಿ ಕಾಣುತ್ತದೆ.

ಆ ಚೌಕಗಳ ವಿಷಯ ಹುಡುಕುತ್ತಾ ಹೋದಾಗ ಒಂದು ಸ್ವಾರಸ್ಯ ಸಿಕ್ಕಿತು. ಜೆಪೆಗ್ ಚಿತ್ರವನ್ನು 8-8 ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲೂ ದಪ್ಪ ಏರಿಳಿತ ಎಷ್ಟು, ನವಿರು ಏರಿಳಿತ ಎಷ್ಟು ಅಂತ ಗಣಿತದಿಂದ ಬೇರ್ಪಡಿಸಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ನವಿರನ್ನು ಉಜ್ಜುತ್ತದೆ. ಬೇರ್ಪಡಿಸುವ ಆ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅಂತ ಹೆಸರು. ಅದನ್ನು ಯೋಚಿಸಿದವರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಯುವಿಸಿಇಯಲ್ಲಿ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಇದರ ಸಂಶೋಧನೆಗೆ ಹಣ ಕೇಳಿದರೆ ಅಲ್ಲಿಯ ನ್ಯಾಷನಲ್ ಸೈನ್ಸ್ ಫೌಂಡೇಶನ್ ಕೊಡಲಿಲ್ಲ. ಛಲ ಬಿಡದೆ ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜತೆ ಸೇರಿ 1974ರಲ್ಲಿ ಪ್ರಕಟಿಸಿದರು. ಜೆಪೆಗ್ ಬಂದದ್ದು 1992ರಲ್ಲಿ. ಅಂದರೆ ಬೆಂಗಳೂರಿನಲ್ಲಿ ಲೆಕ್ಕ ಕಲಿತವರೊಬ್ಬರ ಬುದ್ಧಿಯಿಂದ ಅವ್ವ ಧಾರವಾಡಕ್ಕೆ ಇಮೇಲ್‌ನಲ್ಲಿ ಹೋಗುವಷ್ಟು ಹಗುರಾದಳು. ಅವಳ ಕೆನ್ನೆಯ ಮೇಲಿನ ಚೌಕಗಳ ಮೇಲೆ ನನಗೆ ಆಮೇಲೆ ಅಷ್ಟು ಸಿಟ್ಟು ಉಳಿಯಲಿಲ್ಲ.

ಹಳೇ ಕಾಲದ ನೆಗೆಟಿವ್‌ಗೆ ರಾವನ್ನು ಹೋಲಿಸುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ವಡೋದರಾದ ಜ್ಯೋತಿ ಭಟ್ಟರು 60ರ ದಶಕದಿಂದ ಹಳ್ಳಿ ಹಳ್ಳಿ ತಿರುಗಿ ಮಣ್ಣಿನ ಗೋಡೆಗಳ ಚಿತ್ತಾರಗಳ ಫೋಟೋ ತೆಗೆದವರು. ಅಂಥ ನೆಗೆಟಿವ್ ಅನ್ನು ಬೆಳಕಿಗೆ ಹಿಡಿದರೆ ಇಂದಿಗೂ ಏನಿದೆ ಅಂತ ಕಾಣುತ್ತದೆ. ರಾ ಫೈಲ್ ಬೆಳಕಿಗೆ ಹಿಡಿಯಲಾಗದು. ಒಂದೊಂದು ಕಂಪನಿಯದು ಒಂದೊಂದು ಬಗೆ, ತೆರೆಯಲು ತಕ್ಕ ಸಾಫ್ಟ್‌ವೇರ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕೂರುವ ಮನುಷ್ಯ ಬೇಕು. ನನ್ನ ಈಗಿನ ಡಿಸ್ಕ್‌ಗಳಲ್ಲಿ ಎಂದೂ ತೆರೆಯದ ರಾ ಫೈಲುಗಳು ಎಷ್ಟಿವೆ ಅಂತ ಲೆಕ್ಕ ಹಾಕುವ ಧೈರ್ಯ ನನಗಿಲ್ಲ. ಜಾಲಿ, ಮೆಟ್ಟಿಲುಬಾವಿ, ಸರ್ಖೇಜ್ ರೋಜಾದ ಕಂಬಗಳು ಬೇಕಾದರೆ ರಾದಲ್ಲಿ ಕಾಯಲಿ, ಕಲ್ಲಿಗೆ ಅವಸರವಿಲ್ಲ. ನೂರಾರು ವರ್ಷ ಕಾದಿವೆ.

ಇಷ್ಟೆಲ್ಲ ಆ ಹುಡುಗಿಗೆ ಹೇಳಿದೆ. ಚಹಾ ಆರಿತ್ತು. ಅವಳು ಎದ್ದು ಹೋಗಿ ಗೋಡೆಯ ಮೇಲಿನ ಅವ್ವನನ್ನು ನೋಡಿದಳು. "ಅಂಕಲ್, ಈಗ ಎಐ ಇದೆ. ಎರಡು ನಿಮಿಷದಲ್ಲಿ ಕ್ಲಿಯರ್ ಮಾಡಿ ಕೊಡ್ತೀನಿ" ಅಂತ ಫೋನಿನಲ್ಲಿ ಏನೋ ಮಾಡಿ ತೋರಿಸಿಯೂ ತೋರಿಸಿದಳು. ಚೌಕಗಳಿಲ್ಲ, ಮುಖ ಬೆಳ್ಳಗೆ ನುಣ್ಣಗೆ ಇತ್ತು. ನನಗೆ ಒಂದು ಕ್ಷಣ ಆಸೆಯಾಯಿತು. ಆಮೇಲೆ ಗದ್ದ ನೋಡಿದೆ. ಅವ್ವನ ಗದ್ದದ ಮೇಲೆ ಮೂರು ಚುಕ್ಕೆ ಹಚ್ಚೆ ಇತ್ತು, ಚಿಕ್ಕವಳಿದ್ದಾಗ ಹಾಕಿಸಿದ್ದು. ಕಲೆ ಅಂದುಕೊಂಡು ಅದು ಒರೆಸಿಬಿಟ್ಟಿತ್ತು.

"ಬೇಡಮ್ಮಾ, ಡಿಲೀಟ್ ಮಾಡು" ಅಂದೆ. ಮಾಡಿದಳು.

ಕ್ಯಾಮೆರಾ ಕೈಗೆ ತೆಗೆದುಕೊಂಡು ರಾ ಮತ್ತು ಜೆಪೆಗ್ ಎರಡೂ ಬರುವ ಹಾಗೆ ಸೆಟ್ ಮಾಡಿಕೊಟ್ಟೆ. ಅಜ್ಜಿಯ ಮುಖಕ್ಕೆ ಬೆಳಕಿನ ಲೆಕ್ಕ ಹಾಕು, ಆಕಾಶ ಸುಣ್ಣವಾದರೆ ಆಗಲಿ ಅಂದೆ. ಜೆಪೆಗ್‌ಗಳನ್ನು ಅದೇ ರಾತ್ರಿ ಊರಲ್ಲಿರುವವರಿಗೆ ಕಳಿಸಬೇಕು ಅಂತ ಮಾತು ತೆಗೆದುಕೊಂಡೆ.

ಜನವರಿ 14ರ ರಾತ್ರಿ ಹತ್ತೂವರೆಗೆ ಅವಳ ಫೋನ್ ಬಂತು. ಹೊರಗೆ ಇನ್ನೂ ಪಟಾಕಿ ಸದ್ದು. "ಕಳಿಸಿದೆ ಅಂಕಲ್, ಹನ್ನೆರಡು ಫೋಟೋ. ಒಂದರಲ್ಲಿ ಮಾತ್ರ ಅಜ್ಜಿ ಕಣ್ಣು ಮುಚ್ಚಿದಾರೆ, ಆದ್ರೂ ಕಳಿಸಿದೆ. ರಾ ಎಲ್ಲ ಭಾನುವಾರ ಕೂತು ನೋಡ್ತೀನಿ."

ಯಾವ ಭಾನುವಾರ ಅಂತ ನಾನು ಕೇಳಲಿಲ್ಲ.