ಎರವಲು ತಂದ ಪೇಟಿ

ಎರವಲು ತಂದ ವಸ್ತುವನ್ನು ನಮ್ಮದಕ್ಕಿಂತ ಹೆಚ್ಚು ಜೋಪಾನವಾಗಿ ಕಾಯಬೇಕೆಂಬದನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೆ ಊನ ಬಂದ ಮೇಲೆ ಏನು ಮಾಡಬೇಕೆಂಬದನ್ನು ನಾನು ತುಸು ತಡವಾಗಿಯೇ ಕಲಿತೆನು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಶ್ರಾವಣವೆಂದರೆ ಭಜನೆಯ ತಿಂಗಳು. ಭಜನೆಯೆಂದರೆ ಪೇಟಿ ಬೇಕೇ ಬೇಕು. ಹಾರ್ಮೋನಿಯಮ್ಮನ್ನು ನಮ್ಮ ಕಡೆಗೆ ಪೇಟಿಯೆಂದೇ ಕರೆಯುವರು. 1842ರಲ್ಲಿ ಪ್ಯಾರಿಸ್ಸಿನ ಡೆಬೇನನು ಹಕ್ಕುಪತ್ರ ಪಡೆದ ಆ ವಾದ್ಯವು ಮುಂದೆ ಕಲಕತ್ತೆಯಲ್ಲಿ ಕೈತಿದಿಯ ರೂಪವನ್ನು ತಾಳಿ, ನೆಲದ ಮೇಲೆ ಕುಳಿತು ಹಾಡುವವರ ಸಂಗಾತಿಯಾಯಿತು.

ಕೆಲವು ವರ್ಷಗಳ ಹಿಂದೆ ಸಿಂದಗಿಯ ನಮ್ಮ ಓಣಿಯ ಪೇಟಿಯ ತಿದಿ ಹರಿಯಿತು. ಬಾಗೇವಾಡಿಯಲ್ಲಿದ್ದ ದೂರದ ಬಳಗದ ಅಜ್ಜಿಯೊಬ್ಬರ ಬಳಿಗೆ ಹೋಗಿ ಅವರ ಪೇಟಿಯನ್ನು ಬೇಡಿದೆನು. ಅವರ ಯಜಮಾನರು ತೀರಿಕೊಂಡಂದಿನಿಂದ ಅದನ್ನು ಯಾರೂ ನುಡಿಸಿರಲಿಲ್ಲ. ಅಜ್ಜಿ ಗವಸಣಿಗೆಯನ್ನು ಒರೆಸಿ, "ಒಯ್ಯಪಾ, ಸುಮ್ನ ಕುಂತ್ರ ಅದಕ್ಕೂ ಬ್ಯಾಸರ" ಎಂದು ಕೊಟ್ಟರು.

ತಿಂಗಳು ಕಳೆದ ಮೇಲೆ ನೋಡಿದರೆ ಮೇಲ್ಮುಚ್ಚಳದ ಮೇಲೆ ಮೂರು ಗುರುತುಗಳು! ಅದರ ಮೇಲೆ ಹಿತ್ತಾಳೆಯ ತಾಳಗಳನ್ನು ಇರಿಸಿದವರು ನಾವೇ. ನನ್ನ ಎದೆ ಧಸಕ್ಕೆಂದಿತು. ಅಜ್ಜಿಗೆ ತಿಳಿಸುವದನ್ನು ಬಿಟ್ಟು, ತಿಳಿಯದಂತೆ ಮಾಡುವ ಹಂಚಿಕೆ ಹಾಕಿದೆನು. ಶೇಂಗಾಬೀಜವನ್ನು ಮುರಿದು ತಿಕ್ಕಿದೆನು. ಎಣ್ಣೆ ಹೀರಿ ಗೀರುಗಳು ಮಸುಕಾದವು. ಎರಡು ದಿನಗಳಲ್ಲಿ ಮತ್ತೆ ಇಣಿಕಿದವು.

ಕೊನೆಗೆ ಪರಿಚಯದ ಬಡಿಗರಲ್ಲಿಗೆ ಒಯ್ದೆನು. ಅವರು ಗೀರಿಗೆ ಅಡ್ಡಲಾಗಿ ಉಗುರನ್ನೆಳೆದರು. ಉಗುರು ತಡೆಯದಿದ್ದರೆ ಗಾಯವು ಮೆರುಗಿನಲ್ಲಿಯೇ ಇದೆಯೆಂದು ಅವರ ಲೆಕ್ಕ. ಬಳಿಕ ಕಣ್ಣಿಗೆ ಬೀಳದ ಮೂಲೆಯೊಂದಕ್ಕೆ ಸ್ಪಿರಿಟ್ಟಿನ ಹನಿಯನ್ನು ಹಚ್ಚಿದರು, ಮೆರುಗು ಅಂಟಂಟಾಯಿತು. ಅದು ಅರಗಿನದೆಂಬದಕ್ಕೆ ಅದೇ ಸಾಕ್ಷಿ. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಹುಳುಗಳು ಸ್ರವಿಸುವ ಅರಗು ಸ್ಪಿರಿಟ್ಟಿನಲ್ಲಿ ಕರಗುವದು. ಹಳೆಯ ಲೇಪದ ಮೇಲೆ ಹೊಸದನ್ನು ಹಚ್ಚಿದರೆ ಎರಡೂ ಬೆರೆತು ಒಂದಾಗುವವು. ಇಂದಿನ ಪಾಲಿಯುರೆಥೇನ್ ಮೆರುಗಿಗೆ ಈ ಗುಣವಿಲ್ಲ. ನನ್ನ ಶೇಂಗಾದ ಜಿಡ್ಡನ್ನು ಒರೆಸುತ್ತ, "ಎಣ್ಣಿ ಮ್ಯಾಲ ಅರಗು ಹಿಡಿಯಾಂಗಿಲ್ರಿ" ಎಂದು ಗದರಿದರು.

ಅಂಚಿನ ಬಳಿಯ ಮೂರನೆಯ ಗುರುತಿನಲ್ಲಿ ಉಗುರು ಸಿಕ್ಕಿತು. "ಇದು ಹಳೇದು ಕಾಣ್ತೈತ್ರಿ" ಎಂದರು. "ಅದನ್ನೂ ತೆಗೆದುಬಿಡಿರಿ" ಎಂದೆನು. ಬೆಂಕಿ-ದೀಪಗಳನ್ನು ದೂರವಿರಿಸಿ, ಅರಿವೆಯ ಉಂಡೆಯಿಂದ ತೆಳ್ಳಗೆ ಹಚ್ಚಿ, ಒಣಗಗೊಟ್ಟು, ಮತ್ತೆ ಹಚ್ಚಿದರು. ಆಳವಾದುದನ್ನು ಅರಗಿನಿಂದ ತುಂಬಿ ಸಮ ಮಾಡಿದರು. ನಾಲ್ಕು ದಿನಗಳಲ್ಲಿ ಮುಚ್ಚಳವು ಕನ್ನಡಿಯಾಯಿತು.

ಹೆಮ್ಮೆಯಿಂದಲೇ ಬಾಗೇವಾಡಿಗೆ ಹೋದೆನು. ಅಜ್ಜಿ ಪೇಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅಂಚಿನ ಮೇಲೆ ಬೆರಳಾಡಿಸಿದರು, ಮತ್ತೊಮ್ಮೆ ಆಡಿಸಿದರು.

"ಇಲ್ಲೊಂದು ಗುರುತಿತ್ತಲ್ಲಪಾ?"

ಯಜಮಾನರು ಹುಡುಗರಿಗೆ ಹಾಡು ಹೇಳಿಕೊಡುವಾಗ ಉಂಗುರದ ಬೆರಳಿನಿಂದ ಅಲ್ಲಿಯೇ ತಾಳ ಬಡಿಯುತ್ತಿದ್ದರಂತೆ. ನಾನು ಎಲ್ಲವನ್ನೂ ಒಪ್ಪಿಕೊಂಡೆನು. ಅಜ್ಜಿ ಸಿಟ್ಟಾಗಲಿಲ್ಲ. "ಗೀರು ಬೀಳೂದ ಸಹಜ. ಒಂದು ಮಾತು ಕೇಳಿದ್ರ ಹೇಳ್ತಿದ್ದೆ" ಎಂದಷ್ಟೇ ಅಂದು ಗವಸಣಿಗೆಯನ್ನು ಹೊದಿಸಿದರು.

ಗೀರನ್ನು ಅಡಗಿಸುವ ವಿದ್ಯೆ ಕಠಿಣವಾದುದಲ್ಲ. ಆದರೆ ಇನ್ನೊಬ್ಬರ ವಸ್ತುವಿನ ಮೇಲಿನ ಯಾವ ಗುರುತು ಊನ, ಯಾವುದು ನೆನಪು ಎಂಬದನ್ನು ಬಲ್ಲವರು ಅದರ ಒಡೆಯರು ಮಾತ್ರ. ಆದುದರಿಂದ ಮೊದಲು ಹೇಳಬೇಕು, ಆಮೇಲೆ ಅರಗು ಹಚ್ಚಬೇಕು.

ಮರುವರ್ಷದ ಶ್ರಾವಣಕ್ಕೆ ಪೇಟಿಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಒಯ್ಯಲು ಬಾ ಎಂದು ಅಜ್ಜಿಯೇ ಹೇಳಿಕಳಿಸಿದರು.