ಕ್ಯಾಲ್ಟನ್ ಗುಡ್ಡದ ಇಬ್ಬರು

ಎಡಿನ್‌ಬರೋ ನಗರಕ್ಕೆ ಹೋದವರು ಕೋಟೆಯನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ಕ್ಯಾಲ್ಟನ್ ಗುಡ್ಡವನ್ನೇರುವ ಮೆಟ್ಟಿಲುಗಳ ಪಕ್ಕದಲ್ಲಿರುವ ‘ರಾಕ್ ಹೌಸ್’ ಎಂಬ ಮನೆಯತ್ತ ಕಣ್ಣೆತ್ತಿ ನೋಡುವವರು ವಿರಳ.

1843ರ ಮೇ ತಿಂಗಳಿನಲ್ಲಿ, ಪಾದ್ರಿಗಳ ನೇಮಕದಲ್ಲಿ ಜಮೀನ್ದಾರರಿಗಿದ್ದ ಅಧಿಕಾರವನ್ನು ಒಪ್ಪದೆ 450ಕ್ಕೂ ಹೆಚ್ಚು ಸ್ಕಾಟಿಷ್ ಪಾದ್ರಿಗಳು ವೇತನವನ್ನೂ ವಾಸದ ಮನೆಯನ್ನೂ ತೊರೆದು ಹೊರನಡೆದರು. ಆ ತ್ಯಾಗಪತ್ರಕ್ಕೆ ಸಹಿಮಾಡುವ ದೃಶ್ಯವನ್ನು ಚಿತ್ರಿಸಲು ಡೇವಿಡ್ ಆಕ್ಟೇವಿಯಸ್ ಹಿಲ್ ಸಂಕಲ್ಪಿಸಿದನು. ನೂರಾರು ಮುಖಗಳು! ಅವರು ಊರೂರಿಗೆ ಚದುರುವ ಮುನ್ನ ಅವನ್ನೆಲ್ಲ ಬರೆದುಕೊಳ್ಳುವುದೆಂತು? ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಉಪಾಯವನ್ನು ಸೂಚಿಸಿದನು: ಛಾಯಾಚಿತ್ರ. ಹೀಗೆ ತರುಣ ರಾಬರ್ಟ್ ಆಡಮ್ಸನ್ ಜೊತೆಗೂಡಿದನು. ಭಂಗಿಯನ್ನೂ ನೆಳಲು ಬೆಳಕನ್ನೂ ಹಿಲ್ ಹೊಂದಿಸುವನು. ಕ್ಯಾಮರಾ, ರಾಸಾಯನಿಕಗಳ ಹೊಣೆ ಆಡಮ್ಸನ್ನನದು. ಮನೆಯೊಳಗಿನ ಬೆಳಕು ಸಾಲದು. ಆದುದರಿಂದ ಕುರ್ಚಿ, ಪುಸ್ತಕ, ಪರದೆಗಳನ್ನು ಹೊರಕ್ಕೆ ತಂದು, ಕೋಣೆಯ ಭ್ರಮೆಯನ್ನುಂಟುಮಾಡಿ, ಹಿರಿಯರನ್ನು ಬಿಸಿಲಿನಲ್ಲಿ ಅಲುಗಾಡದಂತೆ ಕೂರಿಸುತ್ತಿದ್ದರು. ಆ ಮೋಡದ ಊರಿನಲ್ಲಿ ಬಿಸಿಲಿಗಾಗಿ ಎಷ್ಟು ಕಾದರೋ!

ಕಾಗದದ ಮೇಲೆ ಮೂಡಿದ ಆ ಕಂದುಬಣ್ಣದ ಚಿತ್ರಗಳಲ್ಲಿ ಗೆರೆಗಿಂತ ನೆಳಲೇ ಮುಂದು. ಇವರೇ ತೆಗೆದ ನ್ಯೂಹೇವನ್ ಬೆಸ್ತರ ಹೆಂಗಸರ ಚಿತ್ರಗಳಂತೂ ಮರೆಯಲಾಗದವು. ಅವುಗಳ ಮುಂದೆ ಆ ದೊಡ್ಡ ವರ್ಣಚಿತ್ರ ಕೊಂಚ ಬಿಗಿಯೆನಿಸುತ್ತದೆ. ಸಭೆಗಿಂತ ಮುಖಗಳ ಪಟ್ಟಿಯಂತೆ ತೋರುತ್ತದೆ.

1848ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿ, ಆಡಮ್ಸನ್ ತೀರಿಕೊಂಡನು. ಹಿಲ್ ಚಿತ್ರವನ್ನು ಮುಗಿಸಿದುದು 1866ರಲ್ಲಿ. 11 ಅಡಿಗೂ ಮೀರಿ ಅಗಲವಿರುವ ಆ ಪಟದ ಜನಸಂದಣಿಯಲ್ಲಿ ಹಿಲ್ ತನ್ನನ್ನೂ ಬರೆದುಕೊಂಡಿದ್ದಾನೆ. ಅದೇ ಗುಂಪಿನಲ್ಲಿ, ಕ್ಯಾಮರಾದೊಡನೆ, ಇನ್ನೂ ತರುಣನಾಗಿಯೇ ಆಡಮ್ಸನ್ ನಿಂತಿದ್ದಾನೆ.